ನಾಲಿಗೆ ಕಿತ್ತ ಮೌತ್ ಆರ್ಗನ್

ನವೆಂಬರ್ ೯, ಭಾನುವಾರ

ನನ್ನ ಪುಟ್ಟೀ,

ನಿನಗೂ, ಅಳಿಯಂದಿರಿಗೂ, ಮರಿಗೂ ಈ ಮುದುಕನ ಅಕ್ಕರೆಯ ನೆನಪುಗಳು. ನಾನು ಬದುಕಿದ್ದೇನೆ. ಎರಡು ಹೊತ್ತು ಉಣ್ಣುತ್ತೇನೆ. ಮೊಣಕಾಲು ಮಾತ್ರ ಮೆಟ್ಟಿಲು ಕಂಡರೆ ಮುಖ ಸಿಂಡರಿಸುತ್ತದೆ. ಕೆಳಗಿನ ಸೈಕಲ್ ಅಂಗಡಿಯವನು ದಿನಕ್ಕೊಮ್ಮೆ ಬಂದು ಇಣುಕಿ "ಇದ್ದೀರಾ ಸಾರ್?" ಎಂದು ಕೇಳಿ ಹೋಗುತ್ತಾನೆ. ಇದ್ದೀನಪ್ಪಾ ಎನ್ನುತ್ತೇನೆ.

ನಿನ್ನ ಪತ್ರ ಬಂದು ಹತ್ತು ವಾರವಾಯಿತು. ತಪ್ಪು ನನ್ನದೇ, ಅಂಚೆಯವನ ಮೇಲೆ ಹಾಕುವುದಿಲ್ಲ. ನಾಲ್ಕು ಸಲ ಬರೆಯಲು ಕೂತೆ. ನಾಲ್ಕು ಸಲವೂ ಎರಡನೇ ಸಾಲಿಗೇ ಒಂದು ಸುಳ್ಳು ಬಂದು ಹಾಯಾಗಿ ಕಾಲು ಚಾಚಿ ಕೂತುಬಿಟ್ಟಿತು. ಹರಿದು ಹಾಕಿದೆ. ಫೋನಿನಲ್ಲಿ ಹೇಳಬಹುದಿತ್ತು ಎನ್ನುತ್ತೀ. ಫೋನಿನಲ್ಲಿ ನೀನು "ಅಪ್ಪಾ" ಎಂದ ಕೂಡಲೇ ನನಗೆ ಎಲ್ಲವೂ ಚೆನ್ನಾಗಿದೆ ಎಂದು ಹೇಳುವ ಚಾಳಿ. ಅದಕ್ಕೇ ಕಾಗದ.

ಟಿವಿಯಲ್ಲಿ ನನ್ನನ್ನು ನೋಡಿದಿರಲ್ಲ, ಅದರ ಬಗ್ಗೆ ಬರೆಯಬೇಕು. ನೀವು ನೋಡಿದ್ದು ಹೊರಗಿನ ಹೊಳಪು. ಒಳಗೆ ಏನಿತ್ತು ಎಂದು ಹೇಳುತ್ತೇನೆ. 

ಜುಲೈಯಲ್ಲಿ ಚಾನೆಲ್‌ನಿಂದ ಒಬ್ಬ ಹುಡುಗಿ ಫೋನ್ ಮಾಡಿದಳು. "ಸರ್, ನೀವು ಬ್ಲೂಸ್ ಲೆಜೆಂಡ್ ಸರ್. ನಿಮಗೆ ಜೀವಮಾನದ ಗೌರವ ಕೊಡ್ಬೇಕು ಅಂತಿದೀವಿ. ಬ್ಯಾಂಡ್ ಕರ್ಕೊಂಡು ಬನ್ನಿ, ಇಸ್ತ್ರಿ ಹಾಡು ನುಡಿಸಿ." ಸುಳ್ಳೇಕೆ ಹೇಳಲಿ, ಹಿಗ್ಗಿ ಹೀರೇಕಾಯಿಯಾದೆ. ಫೋನ್ ಇಟ್ಟವನೇ ಅಂಗಿಯ ಗುಂಡಿ ಕೂಡ ಸರಿಯಾಗಿ ಹಾಕಿಕೊಳ್ಳದೆ ನಿನ್ನ ಮೇಷ್ಟ್ರು ಮಾವನ ಮನೆಗೆ ಓಡಿದೆ. ಅವನು ಡ್ರಮ್ಮಿನ ಮುಂದೆ ಕೂತರೆ ಇವತ್ತಿಗೂ ತರಗತಿ ನಡೆಸುವವನ ಹಾಗೆ ಬೆನ್ನು ನೆಟ್ಟಗೆ. ಬಡಗಿಗೂ ಹೇಳಿಕಳಿಸಿದೆವು. ಅವನ ಎಡಗೈ ಉಂಗುರದ ಬೆರಳು ಗರಗಸಕ್ಕೆ ಸಿಕ್ಕು ಅರ್ಧ ಹೋಗಿದೆ, ಆದರೆ ನಾಲ್ಕೂವರೆ ಬೆರಳಲ್ಲಿ ಅವನು ಗಿಟಾರ್ ಬಾರಿಸುವುದನ್ನು ಐದು ಬೆರಳಿನವರು ಬಂದು ನೋಡಬೇಕು. ಮೂರು ವಾರ ಮೇಷ್ಟ್ರ ಮನೆಯ ಹಿಂದಿನ ಕೋಣೆಯಲ್ಲಿ ಅಭ್ಯಾಸ ಮಾಡಿದೆವು. ಮೂವರ ವಯಸ್ಸು ಸೇರಿಸಿದರೆ ಇನ್ನೂರು ದಾಟುತ್ತದೆ. ಒಂದು ಹಾಡು ಮುಗಿದರೆ ನನಗೆ ಕಾಲು ಗಂಟೆ ಏದುಸಿರು. ಆದರೂ ಆ ಮೂರು ವಾರ ಎಷ್ಟು ಚೆನ್ನಾಗಿತ್ತು ಗೊತ್ತಾ?

ಈ ಹುಚ್ಚು ನನಗೆ ಹತ್ತಿದ ಕಥೆ ನಿನಗೆ ಅರ್ಧಂಬರ್ಧ ಗೊತ್ತು. ಬಿಸ್ಕತ್ತು ಕಾರ್ಖಾನೆಯಲ್ಲಿ ಡಬ್ಬ ಮುಚ್ಚುವ ಕೆಲಸ ನನ್ನದು. ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಹಡಗಿನ ಎಂಜಿನ್ ಕೆಲಸ ಮಾಡಿ ನಿವೃತ್ತನಾದವನೊಬ್ಬ ಬಾಡಿಗೆಗಿದ್ದ. ಹಡಗು ಮಾಮ ಎನ್ನುತ್ತಿದ್ದೆವು. ಅವನ ಪೆಟ್ಟಿಗೆಯಲ್ಲಿ ದೂರದ ಬಂದರುಗಳಿಂದ ತಂದ ಬ್ಲೂಸ್ ರೆಕಾರ್ಡುಗಳು, ಅಮೆರಿಕದ ಕಪ್ಪು ಜನರ ಅಳಲಿನ ಹಾಡುಗಳು, ಜೊತೆಗೆ ಮೂಲೆ ಸವೆದ ಒಂದು ಮೌತ್ ಆರ್ಗನ್. ನಾನು ಅದನ್ನು ಇಸಿದುಕೊಂಡು ಸಿನಿಮಾ ಹಾಡು ಊದಿ ತೋರಿಸಿದಾಗ ಅವನು ಮುಖ ಕಿವುಚಿದ. "ಊದಿದ್ರೆ ಬರೋದು ಹಾಡು ಕಣೋ. ಉಸಿರು ಒಳಕ್ಕೆ ಎಳ್ಕೊಂಡ್ರೆ ಬರೋದು ಬ್ಲೂಸ್" ಅಂದ. ಅದೇ ತೂತಿನಲ್ಲಿ ಊದಿದರೆ ಒಂದು ಸ್ವರ, ಎಳೆದುಕೊಂಡರೆ ಇನ್ನೊಂದು. ಎಳೆದುಕೊಳ್ಳುವಾಗ ಗಂಟಲನ್ನು ಬಿಗಿಮಾಡಿ ನಾಲಿಗೆಯನ್ನು ಹಿಂದಕ್ಕೆ ಜಾರಿಸಿದರೆ ಒಳಗಿನ ಹಿತ್ತಾಳೆಯ ನಾಲಿಗೆಯೂ, ಸದ್ದು ಹೊರಡಿಸುವ ಆ ತೆಳು ಪಟ್ಟಿ, ಬಾಗುತ್ತದೆ, ಸ್ವರ ನರಳಿಕೊಂಡು ಕೆಳಗಿಳಿಯುತ್ತದೆ. ಅದೊಂದನ್ನು ಕಲಿಯಲು ಏಳು ತಿಂಗಳು ಹಿಡಿಯಿತು. "ಆ ಬೆಕ್ಕನ್ನ ಬಿಟ್ಟುಬಿಡೋ, ಪಾಪ" ಎಂದು ನಿನ್ನ ಅಜ್ಜಿ ಅಡುಗೆಮನೆಯಿಂದ ಕೂಗುತ್ತಿದ್ದಳು.

ಆಮೇಲೆ ಮೇಷ್ಟ್ರು ಸಿಕ್ಕ, ಬಡಗಿ ಸಿಕ್ಕ, ರೈಲ್ವೆ ವರ್ಕ್‌ಶಾಪಿನ ಕ್ಯಾಂಟೀನಿನಲ್ಲಿ ಭಾನುವಾರ ಮಧ್ಯಾಹ್ನ ನುಡಿಸಲು ಜಾಗ ಸಿಕ್ಕಿತು. ತಟ್ಟೆ ಲೋಟಗಳ ಸದ್ದಿನ ಮಧ್ಯೆ ನಾವು ಮೂವರು. ನಿನ್ನಮ್ಮ ಆಗ ಪಕ್ಕದ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸಕ್ಕಿದ್ದಳು, ಕ್ಯಾಂಟೀನಿನ ಮೇಜುಬಟ್ಟೆಗಳನ್ನು ತಂದುಕೊಡಲು ಬರುತ್ತಿದ್ದಳು. ಒಂದು ದಿನ ಗಂಟನ್ನು ಸೊಂಟದ ಮೇಲಿಟ್ಟುಕೊಂಡು ಪೂರ್ತಿ ಕೇಳಿ, ನಮ್ಮ ಹತ್ತಿರ ಬಂದು ಹೇಳಿದಳು: "ಮೂರು ಜನಾನೂ ಚೆನ್ನಾಗಿ ಅಳ್ತೀರಿ. ಆದ್ರೆ ಯಾರಿಗೆ ಏನಾಯ್ತು ಅಂತ ಹೇಳೋರೇ ಇಲ್ವಲ್ಲ!" ಮೇಷ್ಟ್ರು ನಕ್ಕು, "ಹಾಗಾದ್ರೆ ನೀವೇ ಹೇಳಿ" ಅಂದ. ಮುಂದಿನ ಭಾನುವಾರ ಅವಳು ನಿಜವಾಗಿಯೂ ಹೇಳಿದಳು. ಬಿಲ್ಲಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದುಕೊಂಡು ಬಂದಿದ್ದಳು:

ಬೇರೆಯವರ ಅಂಗಿ ತೋಳು ಮಡಚಿ ಮಡಚಿ ಸಾಕಾಯ್ತು,
ಬೇರೆಯವರ ಅಂಗಿ ತೋಳು ಮಡಚಿ ಮಡಚಿ ಸಾಕಾಯ್ತು,
ನನ್ನ ತೋಳ ಹಿಡಿಯೋ ಕೈಯಿ ಯಾವ ಗಂಟಿನಲಿ ಮರೆತ್ಹೋಯ್ತು.

ಊಟ ಮಾಡುತ್ತಿದ್ದವರು ತುತ್ತನ್ನು ಕೈಯಲ್ಲೇ ಹಿಡಿದು ಕೂತರು. ಆ ಹಾಡೇ ನಮ್ಮನ್ನು ರೆಕಾರ್ಡಿಗೆ ಹತ್ತಿಸಿದ್ದು, ಊರೂರು ತಿರುಗಿಸಿದ್ದು.

ಹೆಸರು ಬಂತು. ಹೆಸರಿನ ಜೊತೆ ಬಂದ ಕೊಳೆಯನ್ನು ನಾನು ಯಾವತ್ತೂ ನಿನಗೆ ಹೇಳಿಲ್ಲ. ದೊಡ್ಡ ಸಭಾಂಗಣಗಳಲ್ಲಿ ನಮ್ಮನ್ನು ಪಾತ್ರೆ ತೊಳೆಯುವ ಬಾಗಿಲಿನಿಂದ ಒಳಗೆ ಬಿಡುತ್ತಿದ್ದರು, ಎಂಜಲು ನೀರಿನಲ್ಲಿ ಪ್ಯಾಂಟು ಎತ್ತಿ ಹಿಡಿದು ನಡೆದು ವೇದಿಕೆ ಹತ್ತಬೇಕು. ಹಾಡಿನ ನಡುವೆ ನಾನು ಮೌತ್ ಆರ್ಗನ್ನನ್ನು ಅಂಗೈಗೆ ಬಡಿದು ಉಗುಳು ಕೊಡವಿದರೆ ಮೊದಲ ಸಾಲಿನ ಹೆಂಗಸರು ಸೆರಗಿನಿಂದ ಮೂಗು ಮುಚ್ಚುತ್ತಿದ್ದರು. ದುಃಖ ಬೇಕು, ಉಗುಳು ಬೇಡ. ಹಲ್ಲುಪುಡಿ ಜಾಹೀರಾತಿಗೂ ನುಡಿಸಿದೆ. ಹಡಗು ಮಾಮ ಹೇಳಿಕೊಟ್ಟ ಆ ನರಳುವ ಸ್ವರ ಒಂದು ಇಡೀ ವರ್ಷ ರೇಡಿಯೋದಲ್ಲಿ ಹಲ್ಲು ಕಿರಿಯಿತು. ನಾನೂ ಏನು ಕಮ್ಮಿ ಇರಲಿಲ್ಲ. ಲೀಡರ್ ಎಂಬ ಶಬ್ದ ತಲೆಗೆ ಏರಿತ್ತು. ಹನ್ನೊಂದು ಜನ ಬ್ಯಾಂಡಿಗೆ ಬಂದರು, ಹನ್ನೊಂದು ಜನವೂ ನನ್ನ ಮಾತಿಗೆ ಬೇಸತ್ತು ಹೋದರು. ಒಬ್ಬ ಪಿಯಾನೋದವನು ತಾಳ ತಪ್ಪಿದ ಎಂದು ಸಭೆಯ ಮುಂದೆಯೇ ಅವನ ಮುಚ್ಚಳ ಹಾಕಿದ್ದೆ, ಪಿಯಾನೋದ್ದು. ಅವನ ಬೆರಳು ಸ್ವಲ್ಪದರಲ್ಲಿ ಉಳಿಯಿತು. ಉಳಿದದ್ದು ಮೇಷ್ಟ್ರು, ಬಡಗಿ ಇಬ್ಬರೇ. ಅವರು ಯಾಕೆ ಉಳಿದರೋ ಅವರನ್ನೇ ಕೇಳಬೇಕು.

ಇಲ್ಲಿಗೆ ನಿಲ್ಲಿಸುತ್ತೇನೆ. ಕೈ ನೋಯುತ್ತಿದೆ.

ಸೋಮವಾರ ಬೆಳಿಗ್ಗೆ

ಟೀ ಕುಡಿದು ಕೂತಿದ್ದೇನೆ. ಸ್ಟುಡಿಯೋ ಸಂಗತಿ.

ಮಧ್ಯಾಹ್ನ ಎರಡಕ್ಕೆ ಬರಹೇಳಿದ್ದರು. ಹೊರಗಿನಿಂದ ಗೋದಾಮಿನಂತಹ ಕಟ್ಟಡ, ಒಳಗೆ ಕೊರೆಯುವ ಚಳಿ. ನಮ್ಮನ್ನು ಕನ್ನಡಿಯ ಮುಂದೆ ಕೂರಿಸಿ ಒಬ್ಬಳು ಮುಖಕ್ಕೆ ಏನೇನೋ ಮೆತ್ತಿದಳು. ನನ್ನ ಮೀಸೆಗೆ ಕಪ್ಪು ಬಳಿದಳು. ತಲೆಗೆ ಒಂದು ಹ್ಯಾಟು, ಕಣ್ಣಿಗೆ ಕಪ್ಪು ಕನ್ನಡಕ. "ನಾನು ಇದನ್ನೆಲ್ಲ ಹಾಕಲ್ಲಮ್ಮ" ಅಂದೆ. "ಬ್ಲೂಸ್‌ನೋರು ಹೀಗೇ ಇರ್ತಾರೆ ಅಂಕಲ್" ಅಂದಳು, ನನಗೇ ಗೊತ್ತಿಲ್ಲದ ವಿಷಯವನ್ನು ತಿಳಿಸಿಕೊಡುವ ಹಾಗೆ. ಹ್ಯಾಟಿನೊಳಗೆ ಬೇರೆ ಯಾರದೋ ತಲೆಯ ಎಣ್ಣೆವಾಸನೆ.

ಆಮೇಲೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡ ನಿರ್ದೇಶಕ ಬಂದ. ಮೊಮ್ಮಗನ ವಯಸ್ಸು ಎನ್ನಲಾರೆ, ಅಳಿಯಂದಿರ ವಯಸ್ಸು. ಬಡಗಿ ಗಿಟಾರಿಗೆ ವೈರು ಎಲ್ಲಿ ಸಿಕ್ಕಿಸಬೇಕು ಎಂದು ಕೇಳಿದ.

"ವೈರ್ ಬೇಡ ಸರ್. ನಿಮ್ಮ ಹಳೇ ರೆಕಾರ್ಡ್ ಹಾಕ್ತೀವಿ. ನೀವು ನುಡಿಸೋ ಥರ ಮಾಡಿ, ಅಷ್ಟೇ. ಹಾಡೋಕೆ ನಮ್ಮ ಸೀರಿಯಲ್ ಹೀರೋಯಿನ್ ಇದ್ದಾರೆ, ಅವರು ಲಿಪ್ ಕೊಡ್ತಾರೆ."

ಮೇಷ್ಟ್ರು ಡ್ರಮ್ ಕಡ್ಡಿಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡ. "ನಾವು ಬದುಕಿದ್ದೀವಲ್ಲಪ್ಪ. ನುಡಿಸ್ತೀವಿ. ಮೂರು ವಾರದಿಂದ ಅದಕ್ಕೇ ಕೂತಿದ್ದೀವಿ."

"ರಿಸ್ಕ್ ಸರ್. ವಯಸ್ಸಾಗಿದೆ, ಎಲ್ಲಾದ್ರೂ ತಪ್ಪಿದ್ರೆ ನಿಮಗೇ ಅವಮಾನ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು."

ಅಷ್ಟು ಹೇಳಿ ಅವನು ನನ್ನ ಕೈಗೆ ಒಂದು ಮೌತ್ ಆರ್ಗನ್ ಕೊಟ್ಟ. ನನ್ನದನ್ನು ಜೇಬಿನಲ್ಲೇ ಇಟ್ಟಿರಬೇಕಂತೆ, ಅಕಸ್ಮಾತ್ ಉಸಿರು ತಾಗಿ ಸದ್ದು ಬಂದರೆ ಮೈಕ್ ಹಿಡಿಯುತ್ತದಂತೆ. ಇದು ನಾಟಕದ ಸಾಮಾನು. ಬಾಯಿಗಿಟ್ಟೆ. ಊದಿದೆ. ಬರೀ ಗಾಳಿ. ಎಳೆದುಕೊಂಡೆ. ಬರೀ ಗಾಳಿ. ತಿರುಗಿಸಿ ನೋಡಿದರೆ ಒಳಗಿನ ಹಿತ್ತಾಳೆ ನಾಲಿಗೆಗಳನ್ನೆಲ್ಲ ಇಕ್ಕಳದಿಂದ ಕಿತ್ತುಹಾಕಿದ್ದಾರೆ. ತೂತುಗಳ ಅಂಚಿನಲ್ಲಿ ಗೋಂದು, ಯಾರದೋ ತುಟಿಬಣ್ಣ, ಒಣಗಿದ ಎಂಜಲು. ಎಷ್ಟು ಬಾಯಿಗಳನ್ನು ಕಂಡಿತ್ತೋ ಆ ಮೂಕ ತಗಡು!

ಮೇಷ್ಟ್ರು ಎದ್ದು ನಿಂತ. "ನಡಿಯೋ, ಹೋಗೋಣ" ಅಂದ ನನಗೆ. ಬಡಗಿ ಆಗಲೇ ಗಿಟಾರನ್ನು ಚೀಲಕ್ಕೆ ಹಾಕುತ್ತಿದ್ದ.

"ಕೂತ್ಕೊಳ್ಳೋ" ಅಂದೆ. "ನಾಲ್ಕು ನಿಮಿಷದ ಕೆಲಸ. ಮಗಳು ನೋಡ್ತಾ ಇರ್ತಾಳೆ."

"ಮಗಳು ನೋಡ್ತಾಳೆ ಅಂತಲೇ ಹೇಳ್ತಿರೋದು."

"ನಾನು ಲೀಡರ್. ಕೂತ್ಕೋ ಅಂದ್ನಲ್ಲ."

ಮೂವತ್ತನಾಲ್ಕು ವರ್ಷ ನನ್ನ ಆ ಮಾತಿಗೆ ಅವನು ಕೂತಿದ್ದ. ಅವತ್ತು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದ. ಬೈಯಲಿಲ್ಲ. ತಟ್ಟೆಯಲ್ಲಿ ಕೂದಲು ಕಂಡವನು ತಟ್ಟೆಯನ್ನು ಮೆಲ್ಲಗೆ ಆಚೆ ಸರಿಸುತ್ತಾನಲ್ಲ, ಹಾಗೆ ಕಣ್ಣು ಸರಿಸಿದ. ಇಬ್ಬರೂ ಹೋದರು.

ಅವರ ಜಾಗಕ್ಕೆ ಲೈಟು ಹಿಡಿಯುವವರಿಬ್ಬರಿಗೆ ಹ್ಯಾಟು ಹಾಕಿ ಕೂರಿಸಿದರು. ನೀವು ಟಿವಿಯಲ್ಲಿ ಕಂಡ ಡ್ರಮ್ಮಿನವನು ಮೇಷ್ಟ್ರಲ್ಲ ಮಗಳೇ, ಅವನ ಮುಖವನ್ನು ಬೇಕೆಂದೇ ಕತ್ತಲಲ್ಲಿಟ್ಟಿದ್ದರು. ಎದುರಿಗೆ ಯಾವುದೋ ಕಾಲೇಜಿನಿಂದ ಬಸ್ಸಿನಲ್ಲಿ ತಂದು ತುಂಬಿದ ಮಕ್ಕಳು. ಒಬ್ಬ ಹಲಗೆ ಎತ್ತಿದರೆ ಚಪ್ಪಾಳೆ, ಇಳಿಸಿದರೆ ಮೌನ. ರೆಕಾರ್ಡು ಶುರುವಾಯಿತು. ಮೂವತ್ತೆರಡರ ನಾನು ಸ್ಪೀಕರಿನಲ್ಲಿ ಎಳೆದುಕೊಳ್ಳುತ್ತಿದ್ದೇನೆ, ಅರವತ್ತಮೂರರ ನಾನು ನಾಲಿಗೆ ಕಿತ್ತ ತಗಡನ್ನು ತುಟಿಗೆ ಒತ್ತಿಕೊಂಡು ಕೆನ್ನೆ ಉಬ್ಬಿಸುತ್ತಿದ್ದೇನೆ. ನೀನು ಚಿಕ್ಕವಳಿದ್ದಾಗ ಬಾಚಣಿಗೆ ಹಿಡಿದು ನನ್ನನ್ನು ಅಣಕಿಸುತ್ತಿದ್ದೆ. ಅದರಲ್ಲಿ ಇದಕ್ಕಿಂತ ಹೆಚ್ಚು ಪ್ರಾಮಾಣಿಕತೆ ಇತ್ತು. ಆ ಸೀರಿಯಲ್ ಹುಡುಗಿ ಪಕ್ಕದಲ್ಲಿ ನಿಂತು ಕಣ್ಣು ಮುಚ್ಚಿ ತುಟಿ ಆಡಿಸುತ್ತ, ಮಧ್ಯೆ ಮಧ್ಯೆ ನನ್ನ ಭುಜ ಸವರುತ್ತಿದ್ದಳು. ಚ್ಯೂಯಿಂಗ್ ಗಮ್ಮನ್ನು ದವಡೆಯ ಮೂಲೆಗೆ ಒತ್ತಿಟ್ಟುಕೊಂಡಿದ್ದು ನನಗೆ ಕಾಣುತ್ತಿತ್ತು.

ಮುಗಿದ ಮೇಲೆ ನಿರೂಪಕ ನನ್ನ ಕೈಗೆ ಮೊಳದುದ್ದದ ಪ್ಲಾಸ್ಟಿಕ್ ಮೌತ್ ಆರ್ಗನ್ ಕೊಟ್ಟ, ಚಿನ್ನದ ಬಣ್ಣದ್ದು. "ಏನನ್ನಿಸ್ತಿದೆ ಸರ್?" ಎಂದು ಕೇಳಿದ. "ತುಂಬಾ ಸಂತೋಷ" ಅಂದೆ. ಹಲಗೆ ಮೇಲೆದ್ದಿತು. ಶೌಚಾಲಯ ಎಲ್ಲಿದೆ ಎಂದು ಕೇಳಿಕೊಂಡು ಹೋಗಿ, ಬೆಳಿಗ್ಗೆಯಿಂದ ತಿಂದದ್ದನ್ನೆಲ್ಲ ಕಾರಿದೆ. ಕನ್ನಡಿಯಲ್ಲಿ ನೋಡಿಕೊಂಡರೆ ಮೀಸೆಯ ಕಪ್ಪು ಗಲ್ಲಕ್ಕೆ ಇಳಿದಿತ್ತು. ಚಾನೆಲಿನವರ ಮೇಲೆ ಬಂದ ಅಸಹ್ಯಕ್ಕಿಂತ ಆ ಕನ್ನಡಿಯೊಳಗಿನವನ ಮೇಲೆ ಬಂದದ್ದೇ ಹೆಚ್ಚು. ಅವರಿಗೆ ಗೊತ್ತಿಲ್ಲ, ಮಾಡಿದರು. ನನಗೆ ಗೊತ್ತಿತ್ತು.

ಟಿವಿಯಲ್ಲಿ ಬಂದ ಮೇಲಿನ ಭಾನುವಾರ, ಅಲ್ಲಿಯವರೆಗೂ ನಾವು ಆಗೊಮ್ಮೆ ಈಗೊಮ್ಮೆ ಸೇರುತ್ತಿದ್ದ ಆ ಕ್ಯಾಂಟೀನಿಗೆ ಹೋದೆ. ಮೇಷ್ಟ್ರೂ ಬರಲಿಲ್ಲ, ಬಡಗಿಯೂ ಇಲ್ಲ. ಊಟಕ್ಕೆ ಬಂದವರು "ಟಿವಿಯಲ್ಲಿ ಸೂಪರ್ ಸಾರ್, ವಯಸ್ಸೇ ಆಗಿಲ್ಲ ನಿಮಗೆ!" ಎಂದು ಬೆನ್ನು ತಟ್ಟಿದರು. ಒಬ್ಬನೇ ನುಡಿಸೋಣ ಎಂದು ನನ್ನದೇ ಮೌತ್ ಆರ್ಗನ್ ಬಾಯಿಗಿಟ್ಟೆ. ಗೋಂದಿನ ರುಚಿ ಬಂತು. ನನ್ನದರಲ್ಲಿ ಎಲ್ಲಿಯ ಗೋಂದು? ಮನೆಗೆ ತಂದು ಬಿಚ್ಚಿ, ಒಂದೊಂದೇ ತಗಡನ್ನು ಬ್ರಷ್ಷಿನಿಂದ ಉಜ್ಜಿ ಒರೆಸಿ ಜೋಡಿಸಿದೆ. ಮತ್ತೆ ಅದೇ ರುಚಿ. ಅವತ್ತಿನಿಂದ ಅದನ್ನು ಮುಟ್ಟಿಲ್ಲ.

ಕಳೆದ ವಾರ ಮಾನ ಮರ್ಯಾದೆ ಬಿಟ್ಟು ಮೇಷ್ಟ್ರ ಮನೆಗೆ ಹೋದೆ. ಬಾಗಿಲು ತೆರೆದು, "ಬಾ, ಟೀ ಕುಡಿ" ಅಂದ. ಹಿಂದಿನ ಕೋಣೆಯ ಡ್ರಮ್ಮುಗಳನ್ನು ಶಾಲೆಗೆ ಕೊಟ್ಟುಬಿಟ್ಟನಂತೆ. ಅಲ್ಲಿ ಈಗ ಒಂದು ಮಂಚ, ಒಣಗಿಸಿದ ಬಟ್ಟೆ. ಕ್ಷಮಿಸು ಎಂದು ಹೇಳಲು ಬಾಯಿ ತೆರೆದೆ. ಅವನು ಕೈ ಅಡ್ಡ ಹಿಡಿದ.

"ನನ್ನ ಹತ್ತಿರ ಏನೂ ಹೇಳ್ಬೇಡ. ನಾನು ನೋಡಿದವನು. ನಿನ್ನ ಮಗಳಿಗೆ ಬರೆದು ಹೇಳು. ಎಲ್ಲಾನೂ."

"ಎಲ್ಲಾನೂ ಅಂದ್ರೆ?"

"ನಿನಗೆ ಗೊತ್ತು. ಅವಳಮ್ಮ ಹೋಗಿ ಹನ್ನೊಂದು ವರ್ಷ ಆಯ್ತು. ಇನ್ನೂ ಎಷ್ಟು ವರ್ಷ ಬೇಕು ನಿನಗೆ?"

ಟೀ ಕುಡಿದೆ. ಬ್ಯಾಂಡಿನ ಮಾತು ಮತ್ತೆ ಬರಲಿಲ್ಲ, ಇನ್ನು ಬರುವುದೂ ಇಲ್ಲ. ಬೀಳ್ಕೊಡಲು ರಸ್ತೆಯವರೆಗೂ ಬಂದ, ಮೆಟ್ಟಿಲಿನಲ್ಲಿ ನನ್ನ ತೋಳು ಹಿಡಿದುಕೊಂಡ. ಅಷ್ಟರ ಮಟ್ಟಿಗೆ ಅವನು ದೊಡ್ಡವನು.

ಇಷ್ಟು ನನ್ನ ಸಮಾಚಾರ. ಅಳಿಯಂದಿರ ಬೆನ್ನುನೋವು ಹೇಗಿದೆ? ಭಾರ ಎತ್ತಬೇಡಿ ಎಂದು ಹೇಳು. ಮರಿಯ ಮುಂದಿನ ಹಲ್ಲು ಬಿದ್ದಿತಾ, ಇನ್ನೂ ಅಲ್ಲಾಡುತ್ತಿದೆಯಾ? ನಿಮ್ಮ ಮನೆಯಲ್ಲಿ ನಗು ಇರಲಿ, ಬಾಗಿಲು ತಟ್ಟಿದವರೆಲ್ಲ ಒಳ್ಳೆಯ ಸುದ್ದಿಯನ್ನೇ ತರಲಿ. ನಿನ್ನ ತಲೆಯ ಮೇಲೆ ಕೈಯಿಟ್ಟು ಹರಸುತ್ತಿದ್ದೇನೆ ಎಂದು ತಿಳಿ.

ನಿನ್ನ,
ಅಪ್ಪ

ಮರೆತ ಮಾತು: ಮರೆತದ್ದಲ್ಲ. ಮೇಲೆ ಸಹಿ ಹಾಕಿ ಎದ್ದುಹೋಗಿದ್ದೆ. ಲಕೋಟೆಗೆ ಅಂಟು ಹಚ್ಚಿ, ಮತ್ತೆ ತೆರೆದೆ.

ನೀನು ಬರೆದಿದ್ದೆ: ಆ ಸೀರಿಯಲ್ ಹುಡುಗಿ ಅಮ್ಮನ ದನಿಗೆ ತುಟಿ ಆಡಿಸಿದ್ದು ನೋಡಿ ಮೈಯೆಲ್ಲ ಉರಿದುಹೋಯಿತು ಎಂದು. ಮರಿಗೆ ದಿನವೂ ಅಜ್ಜಿಯ ಹಾಡು ಬೇಕು, ನಿನ್ನ ರೆಕಾರ್ಡು ಗೀರುಬಿದ್ದಿದೆ, ನನ್ನದನ್ನು ಕಳಿಸಿಕೊಡು ಎಂದು.

ಪುಟ್ಟೀ, ಆ ರೆಕಾರ್ಡಿನಲ್ಲಿರುವುದು ನಿನ್ನಮ್ಮನ ದನಿಯಲ್ಲ.

ಅವಳು ಹಾಡಿದಳು, ಎರಡು ದಿನ ಹಾಡಿದಳು. ಗಾಜಿನ ಆಚೆ ಕೂತಿದ್ದ ಕಂಪನಿಯವನು, "ಹಾಡು ಬರೆದಿರೋದು ಚೆನ್ನಾಗಿದೆ. ದನಿ ಮಾತ್ರ ಕೆಲಸದವಳ ಥರ ಇದೆ, ಇವರಿಗೆ ಹಾಡೋಕೆ ಬರಲ್ಲ" ಅಂದ. ವಾರದ ನಂತರ ನನ್ನೊಬ್ಬನನ್ನೇ ಕರೆಸಿ, ಬೇರೊಬ್ಬಳಿಂದ ಹಾಡಿಸಿದ್ದನ್ನು ಕೇಳಿಸಿದ. ನಯವಾಗಿತ್ತು. ಆಗಲಿ ಎಂದೆ. ನಿನ್ನಮ್ಮನನ್ನು ಕೇಳಲಿಲ್ಲ. ಹೊದಿಕೆಯ ಮೇಲೆ ಹೆಸರು ಅವಳದು, ಚಿತ್ರ ಅವಳದು. ಬಿಡುಗಡೆಯ ದಿನ ವೇದಿಕೆಯ ಹಿಂದೆ ಅವಳಿಗೆ ಹೇಳಿದೆ: "ಬರೀ ತುಟಿ ಆಡಿಸು, ಸಾಕು. ಯಾರಿಗೂ ಗೊತ್ತಾಗಲ್ಲ." ಮೇಷ್ಟ್ರು ಅಲ್ಲೇ ನಿಂತಿದ್ದ. ಅವಳು ಆಡಿಸಿದಳು. ಮನೆಗೆ ಬಂದು ಬಚ್ಚಲಿನಲ್ಲಿ ಬಹಳ ಹೊತ್ತು ಬಾಯಿ ಮುಕ್ಕಳಿಸಿದಳು. ಆಮೇಲೆ ವೇದಿಕೆಯಲ್ಲಾಗಲಿ ಮನೆಯಲ್ಲಾಗಲಿ ಒಂದು ಸಾಲೂ ಹಾಡಲಿಲ್ಲ, ನಿನ್ನನ್ನು ಮಲಗಿಸಲು ಕೂಡ. ಗಂಟಲು ಕೆಟ್ಟಿದೆ ಎಂದು ನಿನಗೆ ಹೇಳಿದ್ದು ನಾವಿಬ್ಬರೂ ಸೇರಿ. ನೀನು ಗೆಳತಿಯರನ್ನು ಕರೆತಂದು, "ಕೇಳ್ರೇ, ನಮ್ಮಮ್ಮ" ಎಂದು ರೆಕಾರ್ಡು ಹಾಕಿದಾಗಲೆಲ್ಲ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ಇಪ್ಪತ್ತು ವರ್ಷ ಹಾಗೆ ನಕ್ಕಳು. ನಾನು ಆ ತಗಡನ್ನು ನಾಲ್ಕು ನಿಮಿಷ ಬಾಯಲ್ಲಿಟ್ಟುಕೊಂಡೆ.

ಅವಳು ಹಾಡಿದ್ದು ಎಲ್ಲೂ ಉಳಿದಿಲ್ಲ. ಕಂಪನಿಯವರು ಆ ಟೇಪಿನ ಮೇಲೆಯೇ ಬೇರೆ ತುಂಬಿದರು. ಹುಡುಕಬೇಕಾದ ಕಡೆಯೆಲ್ಲ ಹುಡುಕಿದ್ದೇನೆ.

ಹೋದ ತಿಂಗಳು ಫೋನಿನಲ್ಲಿ ಮಾತಾಡುತ್ತ ನೀನು ಮಧ್ಯದಲ್ಲಿ ತಿರುಗಿ ಮರಿಯನ್ನು ಊಟಕ್ಕೆ ಕೂಗಿದೆ. ಸ್ವಲ್ಪ ಮೂಗಿನಿಂದ, ಕೊನೆಯ ಅಕ್ಷರ ಎಳೆದು, ಕೆಳಗಿನಿಂದ ಮೇಲಕ್ಕೆ. ನನ್ನ ಕೈಯಿಂದ ಫೋನು ಜಾರಿತು. ಲೈನ್ ಕಟ್ಟಾಯಿತು ಎಂದುಕೊಂಡೆ ನೀನು.

ರೆಕಾರ್ಡು ಕಳಿಸುವುದಿಲ್ಲ. ಮರಿಗೆ ಆ ಹಾಡನ್ನು ನೀನೇ ಹಾಡು. ನನಗೆ ಹಾಡೋಕೆ ಬರಲ್ಲ ಎನ್ನುತ್ತೀ. ನಿನ್ನಮ್ಮನ ಬಗ್ಗೆಯೂ ಒಬ್ಬ ಹಾಗೆಂದಿದ್ದ, ನಾನು ನಂಬಿದೆ.